ತಣ್ಣೀರಿನ ಹುಡುಗಿ, ಬಿಸಿನೀರಿನ ಹುಡುಗ

“ಬಟ್ಟೆ ಕೊಡೋವಾಗ ನಾಳೇನೇ ಬೇಕು ಅಂತ ಪ್ರಾಣ ತಿಂತೀರಿ. ತಗೊಂಡು ಹೋಗೋಕೆ ಮಾತ್ರ ಪುರುಸೊತ್ತಿಲ್ಲ. ಹಾಕ್ಕೊಳ್ಳಿ, ನೋಡೋಣ!”

ಅಂಗಡಿಯ ಬಾಗಿಲಲ್ಲಿ ನಿಂತಿದ್ದವನು ಏನೋ ಹೇಳಲು ಬಾಯಿ ತೆರೆದ. ಅವಳು ಅವಕಾಶ ಕೊಡಲಿಲ್ಲ. ಮೊಳೆಯಲ್ಲಿ ನೇತಾಡುತ್ತಿದ್ದ ಕೋಟು ತೆಗೆದು ಅವನ ಹೆಗಲಿಗೆ ಏರಿಸಿ, ಕನ್ನಡಿಯ ಕಡೆ ತಿರುಗಿಸಿದಳು. ಅವನು ಬೈಗುಳ ತಿಂದ ಮಗುವಿನ ಹಾಗೆ ತೆಪ್ಪಗೆ ತೋಳು ತೂರಿಸಿದ. ಕೋಟಿನ ತೋಳು ಅವನ ಬೆರಳ ತುದಿಯನ್ನೂ ದಾಟಿತು.

“ಅಪ್ಪ ಅಳತೆ ತಗೊಂಡಾಗ ಕೈ ಸರಿಯಾಗೇ ಇತ್ತಲ್ಲ! ಮದುವೆ ಗೊತ್ತಾದ ಮೇಲೆ ಕುಗ್ಗಿಹೋದ್ರಾ?”

ಅವಳು ಅವನ ಮಣಿಕಟ್ಟು ಹಿಡಿದು ತೋಳಿನ ಅಂಚು ಮಡಚಿ ಗುಂಡುಪಿನ್ನು ಚುಚ್ಚಿದಳು. ಅವನ ಕೈ ಬೆಚ್ಚಗಿತ್ತು. ಗಿರಾಕಿಗಳ ಕೈ ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು ಅವಳು ಯಾವತ್ತೂ ಗಮನಿಸಿದವಳಲ್ಲ. ಇವತ್ತು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

“ನಾನು ಕೋಟಿನವನಲ್ಲ,” ಎಂದ ಅವನು ಕೊನೆಗೂ. “ಎದುರುಗಡೆ ಸಭೆಯವನು. ಇತಿಹಾಸದ ವಿಷಯಕ್ಕೆ ಬಂದೆ.”

“ಮತ್ತೆ ಕೋಟು ಯಾಕೆ ಹಾಕ್ಕೊಂಡ್ರಿ?”

“ನೀವು ಹಾಕ್ಕೊಳ್ಳಿ ಅಂದ್ರಲ್ಲ. ಹೆದರಿಕೆ ಆಯ್ತು.”

ಅವಳು ಬಿದ್ದು ಬಿದ್ದು ನಕ್ಕಳು. ಬೀದಿಯವರೆಲ್ಲ ಅವಳನ್ನು ಸೂಜಿ ಎಂದು ಕರೆಯುತ್ತಿದ್ದರು. ಕೆಲಸಕ್ಕೂ ಆ ಹೆಸರು ಒಪ್ಪುತ್ತಿತ್ತು, ನಾಲಿಗೆಗೂ ಒಪ್ಪುತ್ತಿತ್ತು. ಅವನ ಅಡ್ಡಹೆಸರು ಬಾಯ್ಲರ್. ನೀರು ಕಾಯಿಸುವ ಹಂಡೆ, ಕೊಳವೆ, ನಲ್ಲಿ ರಿಪೇರಿ ಮಾಡುವುದು ಅವನ ಕೆಲಸ. ಇಷ್ಟು ವರ್ಷ ರಸ್ತೆಯಾಚೆ ಮಸಿ ಬಳಿದುಕೊಂಡ ಮುಖವನ್ನೇ ಅವಳು ನೋಡಿದ್ದಳು. ಮಸಿಯಿಲ್ಲದ ಮುಖ ಇಷ್ಟು ಚೆನ್ನಾಗಿರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಇನ್ನು ಈ ಇತಿಹಾಸದ ಗೋಜಲು ಏನೆಂದು ಹೇಳಿಬಿಡಬೇಕು.

ಆ ಬೀದಿಯಲ್ಲಿ ಕ್ರೈಸ್ತರ ಎರಡು ಬ್ಯಾಪ್ಟಿಸ್ಟ್ ಸಭೆಗಳಿದ್ದವು, ಎದುರುಬದುರು. ಎರಡರ ಬೋರ್ಡಿನ ಮೇಲೂ ‘ಮೊದಲನೆಯ ಬ್ಯಾಪ್ಟಿಸ್ಟ್ ಸಭೆ’ ಎಂದೇ ಬರೆದಿತ್ತು. ಎರಡರಲ್ಲೂ ಭಾನುವಾರ ಒಂದೇ ಹೊತ್ತಿಗೆ ಆರಾಧನೆ. ಕಿಟಕಿ ತೆರೆದಿದ್ದರೆ ಇವರ ಹಾಡನ್ನು ಅವರು, ಅವರ ಹಾಡನ್ನು ಇವರು ಮುಳುಗಿಸಲು ಗಂಟಲು ಹರಿದುಕೊಳ್ಳುತ್ತಿದ್ದರು. ದೇವರು ಯಾವ ಕಿವಿಯಲ್ಲಿ ಯಾರದನ್ನು ಕೇಳುತ್ತಿದ್ದನೋ, ಅವನಿಗೇ ಗೊತ್ತು.

ಹಿಂದೆ ಒಂದೇ ಸಭೆಯಿತ್ತು. ಬ್ಯಾಪ್ಟಿಸ್ಟರು ಹಸುಗೂಸಿನ ಹಣೆಗೆ ನೀರು ಚಿಮುಕಿಸಿ ಸುಮ್ಮನಾಗುವವರಲ್ಲ. ಬುದ್ಧಿ ಬಂದ ಮೇಲೆ ‘ನಾನು ನಂಬುತ್ತೇನೆ’ ಎಂದು ಎಲ್ಲರ ಮುಂದೆ ತಾವೇ ಬಾಯಿಬಿಟ್ಟು ಹೇಳಿದವರನ್ನು ತೊಟ್ಟಿಯ ನೀರಲ್ಲಿ ಪೂರ್ತಿ ಮುಳುಗಿಸಿ ಎತ್ತುತ್ತಾರೆ; ಅದೇ ದೀಕ್ಷಾಸ್ನಾನ. ಆ ತೊಟ್ಟಿಯ ನೀರನ್ನು ಕಾಯಿಸಬಹುದೋ ಇಲ್ಲವೋ ಎನ್ನುವುದು ಜಗಳವಾಯಿತು. “ಯೇಸುಸ್ವಾಮಿ ಇಳಿದ ನದಿಗೆ ಯಾರು ಒಲೆ ಹಚ್ಚಿದ್ರು?” ಎಂದು ಸೂಜಿಯ ಅಜ್ಜ ಎದ್ದು ನಿಂತು ಕೇಳಿದ್ದರಂತೆ. “ನದಿಗೆ ನ್ಯುಮೋನಿಯಾ ಬರಲ್ಲ, ಮನುಷ್ಯನಿಗೆ ಬರುತ್ತೆ,” ಎಂದು ಬಾಯ್ಲರ್‌ನ ಅಜ್ಜ ತಿರುಗೇಟು ಕೊಟ್ಟಿದ್ದರಂತೆ. ಸಭೆ ಎರಡು ಹೋಳಾಯಿತು. ಹಳೆಯ ಕಟ್ಟಡ ರಸ್ತೆ ಅಗಲ ಮಾಡುವಾಗ ಹೋಯಿತು. ಊರವರು ಒಂದನ್ನು ತಣ್ಣೀರು ಸಭೆ, ಇನ್ನೊಂದನ್ನು ಬಿಸಿನೀರು ಸಭೆ ಎಂದು ಕರೆದು ಕೈತೊಳೆದುಕೊಂಡರು.

ಈಗ ಮೂಲ ಸಭೆಗೆ ನೂರು ತುಂಬುತ್ತಿತ್ತು. ಜಗಳ ಹೊತ್ತು ಹೊತ್ತು ಬೆನ್ನು ಬಾಗಿದ್ದ ಇಬ್ಬರು ಪಾಸ್ಟರುಗಳೂ ಸೇರಿ, ಒಂದೇ ಹಬ್ಬ, ಒಂದೇ ಇತಿಹಾಸ ಎಂದು ತೀರ್ಮಾನಿಸಿದರು. ಆ ಇತಿಹಾಸ ಕಲೆಹಾಕಲು ಕಡೆಗೊಬ್ಬರು. ತಣ್ಣೀರಿನವರು ಸೂಜಿಯನ್ನು ಆರಿಸಿದ್ದು ಅವಳ ಬಾಯಿಗೆ. ಬಿಸಿನೀರಿನವರು ಕೈ ಎತ್ತಿ ಬಾಯ್ಲರ್‌ನನ್ನು ಆರಿಸುವಾಗ ಅವನು ನೆಲದಡಿಯಲ್ಲಿ ಕೊಳವೆಗೆ ಬಟ್ಟೆ ಸುತ್ತುತ್ತಿದ್ದ. ಮೇಲೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸೋರಿಕೆ ನಿಂತಿದ್ದಕ್ಕೆ ಎಂದುಕೊಂಡು ಅವನು ಥ್ಯಾಂಕ್ಸ್ ಹೇಳಿದ.

ಹೀಗೆ ಇಬ್ಬರೂ ಮನೆಮನೆ ಸುತ್ತತೊಡಗಿದರು.

ತಣ್ಣೀರಿನ ಹಿರಿಯರು ಹೇಳಿದರು: “ನಾವು ಎಲ್ಲಿದ್ವೋ ಅಲ್ಲೇ ಇದ್ವಿ. ಅವರೇ ಬಿಟ್ಟು ಹೋದ್ರು.”

ಬಿಸಿನೀರಿನ ಹಿರಿಯರು ಹೇಳಿದರು: “ಎಷ್ಟು ಬೇಡಿಕೊಂಡ್ವಿ! ಕೇಳಲಿಲ್ಲ. ಅವರೇ ಬಿಟ್ಟು ಹೋದ್ರು.”

ಪ್ರತಿ ಮನೆಯಿಂದ ಹೊರಬಂದ ಮೇಲೂ ಇಬ್ಬರೂ ಮೆಟ್ಟಿಲ ಮೇಲೆ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅವನ ಎಡಹುಬ್ಬು ಮೆಲ್ಲಗೆ ಮೇಲೇರುತ್ತಿತ್ತು. ಅವಳು ನಗು ತಡೆಯಲು ತುಟಿ ಕಚ್ಚುತ್ತಿದ್ದಳು. ಬೀದಿಯ ತಿರುವು ದಾಟುವವರೆಗೆ ತಡೆದು, ದಾಟಿದ ಕೂಡಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಬಹುವಚನ ಯಾವಾಗ ಏಕವಚನವಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಅವನಿಗೆ ಅಂಗಡಿಗೆ ಬರಲು ದಿನಕ್ಕೊಂದು ನೆಪ ಸಿಗುತ್ತಿತ್ತು. ಒಮ್ಮೆ ಅವಳು ದೀಕ್ಷಾಸ್ನಾನದ ಬಿಳಿ ನಿಲುವಂಗಿಯ ಅಂಚಿಗೆ ಸಣ್ಣ ಸೀಸದ ಗುಂಡುಗಳನ್ನು ಇಟ್ಟು ಹೊಲಿಯುತ್ತಿದ್ದಳು.

“ಇದೇನು, ತಣ್ಣೀರಲ್ಲಿ ಮುಳುಗಿಸಿ ವಾಪಸ್ ಬರದ ಹಾಗೆ ಮಾಡ್ತೀರಾ?”

“ಇದಿಲ್ಲದಿದ್ರೆ ನೀರಿಗಿಳಿದ ಕೂಡಲೇ ಬಟ್ಟೆ ಛತ್ರಿ ಹಾಗೆ ಮೇಲೇಳುತ್ತೆ. ನಿಮ್ಮಲ್ಲಿ ಏನು ಹಾಕ್ತೀರಿ?”

“ಕಲ್ಲು. ಹೋದ ಸಲ ಬಿಚ್ಚಿಕೊಂಡು ಪಾಸ್ಟರ್ ಕಾಲ ಮೇಲೆ ಬಿತ್ತು. ಅವರು ‘ಅಯ್ಯೋ’ ಅಂದಿದ್ದಕ್ಕೆ ಸಭೆಯೆಲ್ಲಾ ‘ಆಮೆನ್’ ಅಂತು.”

ಅವಳ ಕೈಯಿಂದ ಗುಂಡುಗಳು ಚೆಲ್ಲಿಹೋದವು. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಆರಿಸತೊಡಗಿದರು. ಮೇಜಿನ ಕೆಳಗೆ ಕೈಗೆ ಕೈ ತಾಗಿತು. ಅವನು ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ. ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮಿದರು. ಆ ಕೆಮ್ಮಿಗೆ ಎರಡು ಕೈಗಳೂ ಬೇರೆ ಬೇರೆ ದಿಕ್ಕಿಗೆ ಹಾರಿದವು.

ಅವಳಿಗೆ ರಾತ್ರಿ ನಿದ್ದೆ ಬರುವುದು ತಡವಾಗತೊಡಗಿತು. ಪ್ರೀತಿ ಎನ್ನುವ ಪದವನ್ನು ಅವಳು ಮನಸ್ಸಿನಲ್ಲೂ ಉಚ್ಚರಿಸಲು ಹೆದರುತ್ತಿದ್ದಳು. ಆದರೆ ಅದೇ ಆಗಿತ್ತು, ಇನ್ನೇನು!

ಒಂದು ಮಧ್ಯಾಹ್ನ ಬಿಸಿನೀರು ಸಭೆಯ ವೇದಿಕೆಯ ಹಲಗೆಗಳನ್ನು ಎತ್ತಿ, ಅವನು ಕೆಳಗಿನ ಖಾಲಿ ತೊಟ್ಟಿಯನ್ನು ಉಜ್ಜುತ್ತಿದ್ದ. ಹಂಡೆ ಯಾವ ಕಾಲದ್ದು ಎಂದು ಕೇಳಲು ಬಂದವಳು ತೊಟ್ಟಿಯ ಅಂಚಿನಲ್ಲಿ ಕುಳಿತು, ಚಪ್ಪಲಿ ಬಿಟ್ಟು, ಕಾಲು ಇಳಿಬಿಟ್ಟಳು.

“ಇಲ್ಲಿ ಕಾಲಿಟ್ಟೆ ಅಂತ ಗೊತ್ತಾದ್ರೆ ನಿಮ್ಮವರು ನಿನ್ನ ಸಭೆಯಿಂದ ತೆಗೀತಾರಾ?”

“ನೀರೇ ಇಲ್ಲವಲ್ಲ. ಒಣ ಕಾಲಿಗೆ ಶಿಕ್ಷೆ ಇಲ್ಲ.”

ಅವನು ನಲ್ಲಿ ತಿರುಗಿಸಿದ. ಅವಳ ಪಾದಗಳ ಮೇಲೆ ಹದವಾದ ಬಿಸಿನೀರು ಸುರಿಯಿತು. ಅವಳು ಕಣ್ಣು ಮುಚ್ಚಿದಳು. ಹದಿನೇಳರ ವಯಸ್ಸಿನಲ್ಲಿ ತಣ್ಣೀರಲ್ಲಿ ಮುಳುಗಿ ಎದ್ದಾಗ ಹಲ್ಲು ಕಟಕಟ ಕಡಿಯುತ್ತಿದ್ದುದು ಅವಳಿಗೆ ಚೆನ್ನಾಗಿ ನೆನಪಿತ್ತು. ಅಪ್ಪ ಟವೆಲ್ ಹೊದಿಸಿ ‘ಭೇಷ್’ ಎಂದಿದ್ದರು.

“ಹೇಗಿದೆ?”

“ಪಾಪ ಮಾಡಿದ ಹಾಗಿದೆ.”

“ಅಂದ್ರೆ?”

“ತುಂಬಾ ಚೆನ್ನಾಗಿದೆ.”

ಅವನು ನಗಲಿಲ್ಲ. ಕೈಯಲ್ಲಿದ್ದ ಬ್ರಷ್ಷನ್ನು ಪಕ್ಕಕ್ಕಿಟ್ಟ. ಅವನ ಕಿವಿ ಕೆಂಪಗಾಗಿತ್ತು. “ಅಮ್ಮನ ಆಚೆ, ನಮ್ಮ ಬೆಂಚಲ್ಲಿ ಒಂದು ಜಾಗ ಖಾಲಿ ಇದೆ. ಭಾನುವಾರ ಅಲ್ಲಿ ನೀನಿದ್ರೆ ಅಂತ ಅನ್ನಿಸುತ್ತೆ. ಪ್ರತಿ ಭಾನುವಾರ. ಅಂದ್ರೆ... ಜೀವನಪೂರ್ತಿ.”

ಅವಳ ಎದೆ ಹೂವಾಯಿತು. ಒಂದೇ ಕ್ಷಣ. ಮರುಕ್ಷಣ ಬುದ್ಧಿ ಓಡಿ ಬಂದು ಅಡ್ಡ ನಿಂತಿತು.

“ನಿಮ್ಮ ಬೆಂಚಲ್ಲಾ?”

“ಮತ್ತೆ?”

“ಅಮ್ಮ ಹೋದ ಮೇಲೆ ಅಪ್ಪನ ಪಕ್ಕ ಕೂರೋಳು ನಾನೊಬ್ಬಳೇ. ನೀನೇ ನಮ್ಮ ಬೆಂಚಿಗೆ ಬಾ.”

“ನನ್ನಮ್ಮನಿಗೆ ಕಣ್ಣು ಮಂಜು. ಹಾಡಿನ ಸಾಲು ನಾನು ಕಿವೀಲಿ ಹೇಳಿದ್ರೇ ಅವಳು ಹಾಡೋದು. ಅವಳನ್ನ ಒಬ್ಬಳನ್ನೇ ಬಿಟ್ಟು ಹೇಗೆ ಬರಲಿ?”

ಗಂಡಹೆಂಡಿರು ಒಂದೇ ಸಭೆಯ ಸದಸ್ಯರಾಗಬೇಕು ಎನ್ನುವುದು ಎರಡೂ ಕಡೆ ಒಪ್ಪಿದ್ದ ಏಕೈಕ ಸಂಗತಿ. ಯಾರಾದರೂ ಒಬ್ಬರು ರಸ್ತೆ ದಾಟಲೇಬೇಕಿತ್ತು. ಇಬ್ಬರ ಕಾರಣಗಳೂ ಸರಿಯಾಗಿದ್ದವು. ಅದೇ ತೊಂದರೆ. ಒಬ್ಬರದಾದರೂ ತಪ್ಪಾಗಿದ್ದರೆ ಜಗಳ ಬೇಗ ಮುಗಿಯುತ್ತಿತ್ತು.

ಮಾತಿಗೆ ಮಾತು ಬೆಳೆಯಿತು. ಅವಳ ಅಜ್ಜ ಬಂದರು, ಅವನ ಅಜ್ಜ ಬಂದರು, ನದಿ ಬಂತು, ನ್ಯುಮೋನಿಯಾ ಬಂತು.

“ನಿಮ್ಮವರು ಆಗಲೂ ಹೀಗೇ, ಬಗ್ಗೋದು ಗೊತ್ತಿಲ್ಲ,” ಎಂದ ಅವನು.

“ಬಿಟ್ಟು ಹೋದವರ ಬಾಯಲ್ಲಿ ಇದೊಂದು ಮಾತು!” ಎಂದು ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ಒದ್ದೆ ಕಾಲಲ್ಲೇ ಹೊರಟಳು.

“ಈಗ ಹೊರಟಿರೋದು ಯಾರು?” ಎಂದು ಅವನು ತೊಟ್ಟಿಯೊಳಗಿಂದ ಕೂಗಿದ.

ಅವಳು ತಿರುಗಿ ನೋಡಲಿಲ್ಲ. ಬಾಗಿಲಾಚೆ ಹೋಗಿ ಸ್ವಲ್ಪ ಹೊತ್ತು ನಿಂತಳು. ಅವನು ಮೇಲೆ ಹತ್ತಿ ಬರುವ ಸದ್ದು ಕೇಳಿಸಲಿಲ್ಲ.

ಆಮೇಲೆ ಶುರುವಾಯಿತು ನೋಡಿ, ಮೌನದ ಪಂದ್ಯ. ಅವನು ಬರಲಿ ಎಂದು ಅವಳು ಕಾದಳು. ತಪ್ಪು ಅವನದು, ಅಲ್ಲವೇ? ‘ನಮ್ಮ ಬೆಂಚು’ ಎಂದವನು ಅವನು. ಅಂಗಡಿಯ ಬಾಗಿಲು ಕಿರ್ ಎಂದಾಗಲೆಲ್ಲ ಅವಳ ತಲೆ ತಾನಾಗಿ ಮೇಲೇಳುತ್ತಿತ್ತು. ಬಂದವರು ಗುಂಡಿ ಹಾಕಿಸಿಕೊಳ್ಳುವವರು, ಅಂಚು ಬಿಚ್ಚಿಸಿಕೊಳ್ಳುವವರು. ಅವಳು ಒಬ್ಬರ ಪ್ಯಾಂಟಿನ ಎರಡೂ ಕಾಲನ್ನು ಸೇರಿಸಿ ಹೊಲಿದಳು.

“ಇದನ್ನ ಹಾಕ್ಕೊಂಡು ಅವರು ಕುಪ್ಪಳಿಸಬೇಕಾ?” ಎಂದರು ಅಪ್ಪ. ಅಪ್ಪ ಕನ್ನಡಕದ ಮೇಲಿಂದ ಮಗಳನ್ನು ನೋಡಿ, ಪ್ಯಾಂಟನ್ನು ತಾವೇ ಬಿಚ್ಚಲು ಕುಳಿತರು.

ಇತಿಹಾಸದ ಕೆಲಸವೂ ನಿಂತುಹೋಯಿತು. ಕೇಳಬೇಕಾದವರಲ್ಲಿ ಉಳಿದಿದ್ದವಳು ಗಂಟೆ ಅತ್ತೆಯೊಬ್ಬಳೇ. ಹಳೆಯ ಸಭೆಯಲ್ಲಿ ಗಂಟೆ ಹೊಡೆಯುತ್ತಿದ್ದವರ ಮಗಳು. ಅದಕ್ಕೇ ಆ ಹೆಸರು. ಒಂದು ವಾರ ಈ ಸಭೆಗೆ, ಒಂದು ವಾರ ಆ ಸಭೆಗೆ ಹೋಗುತ್ತಿದ್ದಳು. ಎರಡು ಕಡೆಯವರೂ ಅವಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದಕ್ಕೇ ಅವಳನ್ನು ಕೊನೆಗೆ ಇಟ್ಟಿದ್ದರು.

ಸೂಜಿ ಒಬ್ಬಳೇ ಹೋದಳು. ಅತ್ತೆ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಳಿತು ಬಟಾಣಿ ಬಿಡಿಸುತ್ತಿದ್ದಳು.

“ಯಾರು ಬಿಟ್ಟು ಹೋಗಿದ್ದು ಅಂತ ತಾನೆ? ಬಾ, ಕೂತ್ಕೋ. ಸುಮ್ಮನೆ ಕೂರಬೇಡ, ಬಿಡಿಸು.”

ಸೂಜಿ ಬಟಾಣಿಗೆ ಕೈ ಹಾಕಿದಳು.

“ಯಾರೂ ಹೋಗಲಿಲ್ಲ ಕಣೇ,” ಎಂದಳು ಅತ್ತೆ.

“ಅಂದ್ರೆ?”

“ಬುಧವಾರ ಜಗಳ ಆಯ್ತು. ಭಾನುವಾರ ನಿಮ್ಮಜ್ಜ, ‘ಅವರು ಮನೆಗೆ ಬಂದು ಕರೆಯೋವರೆಗೂ ನಾವು ಹೋಗಲ್ಲ’ ಅಂತ ತಮ್ಮ ಕಡೆಯವರನ್ನೆಲ್ಲಾ ಮನೇಲಿ ಕೂರಿಸಿದ್ರು. ಆ ಹುಡುಗನ ಅಜ್ಜನೂ ಅದನ್ನೇ ಮಾಡಿದ್ರು. ನಮ್ಮಪ್ಪ ಗಂಟೆ ಹೊಡೆದ್ರು. ಯಾರೂ ಇಲ್ಲ. ಬೆಂಚೆಲ್ಲಾ ಖಾಲಿ. ಪಾಸ್ಟರು, ಅಪ್ಪ, ನಾನು. ಪಾಸ್ಟರು ಬಾಗಿಲ ಕಡೆ ನೋಡ್ತಾ ನೋಡ್ತಾ ಹಾಡು ಶುರು ಮಾಡಿದ್ರು, ಅರ್ಧಕ್ಕೇ ಪುಸ್ತಕ ಮುಚ್ಚಿದ್ರು.”

ಅತ್ತೆ ಇನ್ನೊಂದು ಹಿಡಿ ಬಟಾಣಿ ಮಡಿಲಿಗೆ ಹಾಕಿಕೊಂಡಳು.

“ಒಳಗೆ ಅವರಿದ್ದಾರೆ, ನಾವಿಲ್ಲದೆ ಆರಾಮಾಗಿ ಹಾಡ್ತಿದ್ದಾರೆ ಅಂತ ಇವರು ಅಂದ್ಕೊಂಡ್ರು. ಇವರಿದ್ದಾರೆ ಅಂತ ಅವರು ಅಂದ್ಕೊಂಡ್ರು. ಮುಂದಿನ ವಾರಾನೂ ಅಷ್ಟೇ, ಅದರ ಮುಂದಿನ ವಾರಾನೂ ಅಷ್ಟೇ. ಆಮೇಲೆ ಎರಡು ಕಡೆ ಇಟ್ಟಿಗೆ ಇಳಿಸಿದ್ರು. ಬಿಟ್ಟು ಹೋದವರು ಯಾರೂ ಇಲ್ಲ ಮಗಳೇ. ಬರದೇ ಇದ್ದವರು, ಅಷ್ಟೇ.”

“ಇದನ್ನ ಯಾರಿಗೂ ಯಾಕೆ ಹೇಳಲಿಲ್ಲ ಅತ್ತೆ?”

“ಯಾರು ಕೇಳಿದ್ರು?”

ಸೂಜಿಯ ಕೈ ನಿಂತಿತು. ಅಂಗಡಿಯ ಬಾಗಿಲ ಕಡೆ ನೋಡುತ್ತ ಕುಳಿತ ಅಷ್ಟೂ ದಿನಗಳು ಅವಳ ಕಣ್ಣ ಮುಂದೆ ಬಂದವು. ಅವನು ರಸ್ತೆಯಾಚೆ ಇನ್ನೊಂದು ಬಾಗಿಲನ್ನು ನೋಡುತ್ತ ಕುಳಿತಿದ್ದರೆ? ಹೀಗೇ ಕೂತರೆ ಇಬ್ಬರೂ ಮುದುಕರಾಗುತ್ತಾರೆ, ಆಮೇಲೂ ಇಬ್ಬರ ಬಾಯಲ್ಲೂ ಅದೇ ಮಾತು: ಅವನೇ ಬಿಟ್ಟು ಹೋದ, ಅವಳೇ ಬಿಟ್ಟು ಹೋದಳು. ಅವಳಿಗೆ ಅಳು ಬಂತು. ಅತ್ತೆ ಅದನ್ನು ಕಂಡೂ ಕಾಣದವಳ ಹಾಗೆ, “ಸಿಪ್ಪೆ ಬುಟ್ಟಿಗೆ ಹಾಕು, ನೆಲಕ್ಕಲ್ಲ,” ಎಂದಳು.

ಶನಿವಾರ ಸಂಜೆ ಅವಳು ಅಪ್ಪನಿಗೆ ಹೇಳಿದಳು. “ನಾಳೆ ನಾನು ನಿಮ್ಮ ಪಕ್ಕ ಕೂರಲ್ಲ ಅಪ್ಪ. ಎದುರುಗಡೆ ಹೋಗ್ತೀನಿ. ಸದಸ್ಯಳಾಗೋಕೆ.”

ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. ತಣ್ಣೀರು ಸಭೆಯ ಹಿರಿಯರು ಅವರು. ಅವರ ತಂದೆಯ ಹಟದ ಅರ್ಧಪಾಲು ಅವರಿಗೆ ಬಂದಿತ್ತು, ಇನ್ನರ್ಧ ಮಗಳಿಗೆ.

“ಅವನು ಕರೆದ್ನಾ?”

“ಇಲ್ಲ. ನಾನೇ ಹೋಗ್ತಿದ್ದೀನಿ.”

“ಒಳ್ಳೇ ಬಟ್ಟೆ ಹಾಕ್ಕೊಂಡು ಹೋಗು. ದರ್ಜಿ ಮಗಳು ಅನ್ನೋದು ಅವರಿಗೆ ಗೊತ್ತಾಗಲಿ,” ಎಂದು ಅಪ್ಪ ಮತ್ತೆ ಇಸ್ತ್ರಿಗೆ ತಿರುಗಿದರು. ಇಸ್ತ್ರಿ ಮಾಡಿದ ಅಂಗಿಯನ್ನೇ ಇನ್ನೊಮ್ಮೆ ಇಸ್ತ್ರಿ ಮಾಡಿದರು.

ಭಾನುವಾರ ಬೆಳಿಗ್ಗೆ ಅವಳು ರಸ್ತೆ ದಾಟಿದಳು. ಬಿಸಿನೀರು ಸಭೆಯೊಳಗೆ ಕಾಲಿಟ್ಟಾಗ ಮೊದಲ ಹಾಡು ಆಗಲೇ ಶುರುವಾಗಿತ್ತು. ತಲೆ ಎತ್ತಿ ನೋಡುವ ಧೈರ್ಯವಾಗದೆ ಕೊನೆಯ ಬೆಂಚಿನ ತುದಿಯಲ್ಲಿ ಮುದುಡಿ ಕುಳಿತಳು. ಅವನು ಮುಂದಿನ ಸಾಲಿನಲ್ಲಿ ಅಮ್ಮನ ಕಿವಿಗೆ ಬಾಗಿರುತ್ತಾನೆ. ತನ್ನನ್ನು ಕಂಡು ಆ ಎಡಹುಬ್ಬು ಏರುತ್ತದೆ. ಅದನ್ನು ನೋಡಿಬಿಟ್ಟರೆ ಒಂದು ಮಾತೂ ಹೊರಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬ್ಯಾಪ್ಟಿಸ್ಟರಲ್ಲಿ ಹೊಸಬರನ್ನು ಪಾಸ್ಟರು ಒಬ್ಬರೇ ಸೇರಿಸಿಕೊಳ್ಳುವಂತಿಲ್ಲ. ಬಂದವರು ಎದ್ದು ನಿಂತು ಯಾಕೆ ಬಂದೆ ಎಂದು ಹೇಳಬೇಕು, ಇಡೀ ಸಭೆ ಕೈ ಎತ್ತಬೇಕು. ಸೇರುವವರಿದ್ದರೆ ಬನ್ನಿ ಎಂದು ಪಾಸ್ಟರು ಕರೆದಾಗ ಅವಳು ಎದ್ದಳು.

“ಯಾಕೆ ಬರಬೇಕು ಅನ್ನಿಸ್ತಮ್ಮ?” ಎಂದು ಪಾಸ್ಟರು ಅಕ್ಕರೆಯಿಂದ ಕೇಳಿದರು.

ಅವಳು ಮುಂದೆ ಬಂದು ನಿಂತಳು. ನಂಬಿಕೆ, ಐಕ್ಯತೆ ಎಂದೆಲ್ಲ ಚೆಂದದ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಕಣ್ಣು ನೆಲಕ್ಕೆ ನೆಟ್ಟು ಬಾಯಿ ತೆರೆದರೆ ಬಂದದ್ದೇ ಬೇರೆ.

“ಸುಳ್ಳು ಹೇಳಲ್ಲ. ನೀರು ಬಿಸಿ ಇದ್ರೂ ತಣ್ಣಗಿದ್ರೂ ನನ್ನ ನಂಬಿಕೆ ಒಂದೇ. ನಾನು ಬಂದಿರೋದು ನಿಮ್ಮ ಹಂಡೆ ರಿಪೇರಿಯವನಿಗೋಸ್ಕರ. ಅವನನ್ನ ಪ್ರೀತಿಸ್ತೀನಿ. ಜಗಳ ಆಡಿದೆ, ಅವನೇ ಬರಲಿ ಅಂತ ಬಿಗುಮಾನ ಮಾಡ್ಕೊಂಡು ಕೂತೆ. ಅವನು ನಕ್ಕರೆ ನನ್ನ ದಿನ ಚೆನ್ನಾಗಿರುತ್ತೆ. ಈಗ ದಿನಗಳೇ ಚೆನ್ನಾಗಿಲ್ಲ. ಅವನ ಬೆಂಚಲ್ಲೇ ಕೂರ್ತೀನಿ, ಎಲ್ಲಿ ಬೇಕಾದ್ರೂ ಕೂರ್ತೀನಿ. ನನಗೆ ಅವನು ಬೇಕು. ಇಷ್ಟೇ.”

ಅವಳು ಮೆಲ್ಲಗೆ ತಲೆ ಎತ್ತಿದಳು. ಮೊದಲ ಬೆಂಚಿನಲ್ಲಿ ಅವನ ಅಮ್ಮ ಒಬ್ಬಳೇ ಕುಳಿತಿದ್ದಳು. ಪಕ್ಕದ ಜಾಗ ಖಾಲಿ.

ಅವನು ಬಂದೇ ಇರಲಿಲ್ಲ.

ತಡವಾಯಿತು, ಎಲ್ಲ ಮುಗಿಯಿತು, ಅವನು ಊರನ್ನೇ ಬಿಟ್ಟನೋ ಏನೋ.

“ಅವನು ಇಲ್ಲಿಲ್ಲ ಮಗಳೇ,” ಎಂದಳು ಅವನ ಅಮ್ಮ. ಕಣ್ಣು ಮಂಜಾಗಿದ್ದರೂ ಮುಖ ಸರಿಯಾಗಿ ಅವಳ ಕಡೆಗೇ ತಿರುಗಿತ್ತು. “ಬೆಳಿಗ್ಗೆ ನನ್ನ ಕೈ ಹಿಡ್ಕೊಂಡು ಕ್ಷಮೆ ಕೇಳಿ, ನಿಮ್ಮ ಸಭೆಗೆ ಸೇರೋಕೆ ಅಂತ ಹೋದ. ಈಗ ನಿಮ್ಮಪ್ಪನ ಮುಂದೆ ನಿಂತು ಒದ್ದಾಡ್ತಿರಬೇಕು.”

ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಇಡೀ ಸಭೆ ನಗುವಿನಲ್ಲಿ ಮುಳುಗಿತು. ಪಾಸ್ಟರು ಕಣ್ಣೊರೆಸಿಕೊಳ್ಳುತ್ತ, “ಒಪ್ಪುವವರು ಕೈ ಎತ್ತಿ,” ಎಂದರು. ಒಂದು ಕೈಯೂ ಕೆಳಗುಳಿಯಲಿಲ್ಲ. ಅಷ್ಟು ಹೊತ್ತಿಗೆ ಅವಳು ಅರ್ಧ ಬಾಗಿಲು ದಾಟಿದ್ದಳು.

ಎದುರಿನ ಬಾಗಿಲಿಂದ ಅವನೂ ಓಡಿ ಬಂದ. ಕಿವಿಯಿಂದ ಕುತ್ತಿಗೆಯವರೆಗೆ ಕೆಂಪು. ರಸ್ತೆಯ ನಡುವೆ ಇಬ್ಬರೂ ನಿಂತರು.

“ನನ್ನ ಸೇರಿಸ್ಕೊಂಡ್ರು,” ಎಂದ ಅವನು ಏದುಸಿರು ಬಿಡುತ್ತ. “ನಿಮ್ಮಪ್ಪನೇ ಮೊದಲು ಕೈ ಎತ್ತಿದ್ರು. ಆದ್ರೆ ನಾನು ಹೇಳೋದನ್ನೆಲ್ಲಾ ಕೇಳಿ ಮುಗಿದ ಮೇಲೆ, ‘ನನ್ನ ಮಗಳು ಇಲ್ಲಿಲ್ಲ ಕಣಪ್ಪ’ ಅಂದ್ರು. ಮೊದಲೇ ಹೇಳಬಾರದಿತ್ತಾ?”

“ಅಪ್ಪನಿಗೆ ಕೇಳೋ ಆಸೆ ಇತ್ತೇನೋ. ನನ್ನನ್ನೂ ಸೇರಿಸ್ಕೊಂಡ್ರು.”

“ಹಾಗಾದ್ರೆ ಈಗ ನಾನು ತಣ್ಣೀರು.”

“ನಾನು ಬಿಸಿನೀರು.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮತ್ತೆ ಎದುರುಬದುರೇ ಆಗಿದ್ದರು. ಅವಳಿಗೆ ನಗು ಬಂತು, ನಗುವಿನೊಳಗೇ ಅಳು ಬಂತು.

“ಗಂಟೆ ಅತ್ತೆ ನಿನಗೂ ಹೇಳಿದ್ಲಾ?”

“ಶುಕ್ರವಾರ. ನನ್ನ ಕೈಲೂ ಬಟಾಣಿ ಬಿಡಿಸ್ಕೊಂಡ್ಲು.”

ಎರಡೂ ಬಾಗಿಲುಗಳಲ್ಲಿ ಜನ ತುಂಬಿ ನಿಂತಿದ್ದರು. ಎರಡೂ ಸಭೆಗಳು ಒಂದೇ ಕಡೆ ನೋಡುತ್ತಿದ್ದುದು ಅಜ್ಜಂದಿರ ಕಾಲದ ಮೇಲೆ ಇದೇ ಮೊದಲು. ಬಿಸಿನೀರಿನ ಕಡೆಯಿಂದ ಅವನ ಅಮ್ಮ ಯಾರದೋ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಅದನ್ನು ಕಂಡು ತಣ್ಣೀರಿನ ಕಡೆಯಿಂದ ಸೂಜಿಯ ಅಪ್ಪ ಸರಸರನೆ ರಸ್ತೆ ದಾಟಿ ಹೋಗಿ, ಆ ತಾಯಿಯ ಇನ್ನೊಂದು ತೋಳು ಹಿಡಿದರು.

“ಅಲ್ಲಿ ಏನಂದೆ?” ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

“ಅಲ್ಲಿದ್ದವರನ್ನೇ ಕೇಳು. ಎಲ್ಲರಿಗೂ ಗೊತ್ತು.”

“ನನಗೊಬ್ಬನಿಗೆ ಗೊತ್ತಿಲ್ಲ.”

“ನೀನೇನಂದೆ?”

“ನಿನಗೊಬ್ಬಳಿಗೆ ಹೇಳಬೇಕಾದ್ದನ್ನ.”

“ಹೇಳು ಮತ್ತೆ.”

ಅವನು ಬಾಯಿ ತೆರೆದ, ಮುಚ್ಚಿದ. ಅವಳ ಅಪ್ಪನ ಮುಂದೆ, ತುಂಬಿದ ಸಭೆಯ ಮುಂದೆ ಹೊರಟ ಮಾತು ಅವಳೊಬ್ಬಳ ಮುಂದೆ ಹೊರಡಲೊಲ್ಲದು. ಅವಳು ಕಾಯಲಿಲ್ಲ. ಕಾಯುವುದು ಸಾಕಾಗಿತ್ತು.

“ನಾನು ನಿನ್ನ ಪ್ರೀತಿಸ್ತೀನಿ,” ಎಂದಳು.

ಅವನು ಅವಳ ಕೈ ಹಿಡಿದುಕೊಂಡು, ಬಾಗಿ, ಅದೇ ಮಾತನ್ನು ಕಿವಿಯಲ್ಲಿ ಹೇಳಿದ. ಅವಳಿಗೆ ಚೆನ್ನಾಗಿಯೇ ಕೇಳಿಸಿತು.

“ಕೇಳಿಸಲಿಲ್ಲ,” ಎಂದಳು.

ಅವನು ಮತ್ತೆ ಹೇಳಿದ.